ಮಾದೇವನ ಉತ್ತರಮುಖಿ ಬಿಸಿಲುಪೆಟ್ಟಿಗೆ

ಇಸಳೂರಿನಲ್ಲಿ ಕಬ್ಬಿಣದ ಕೆಲಸ ಎಂದರೆ ಮಾದೇವ. ಹೊಸದಾಗಿ ಎದ್ದ ಮನೆಗಳ ಗೇಟು, ಕಿಟಕಿಯ ಗ್ರಿಲ್ಲು, ಬಾವಿಯ ಜಾಲರಿ, ಬೈಕು ನಿಲ್ಲಿಸುವ ತಗಡಿನ ಮಾಡು, ಎಲ್ಲಕ್ಕೂ ಅವನ ವೆಲ್ಡಿಂಗಿನ ಕಿಡಿ ತಾಗಿದೆ. ಊರಿನ ಅರ್ಧಕ್ಕರ್ಧ ಮನೆಗಳಿಗೆ ಚಾವಣಿ ಹತ್ತುವ ಕಬ್ಬಿಣದ ಮೆಟ್ಟಿಲು ಮಾಡಿಕೊಟ್ಟವನೂ ಅವನೇ. ಅವನ ಸ್ವಂತ ಮನೆಗೆ ಮಾತ್ರ ಮೆಟ್ಟಿಲಿಲ್ಲ. ಮನೆ ಕಟ್ಟಿದ ದಿನದಿಂದ ಅಲ್ಲಿ ಒಂದು ಬಿದಿರಿನ ಏಣಿ ಒರಗಿಕೊಂಡಿದೆ. ಮೆಟ್ಟಿಲು ಮಾಡುವುದು ಸಾಮಾನ್ಯರ ಕೆಲಸ, ತಾನು ಹುಟ್ಟಿದ್ದು ಯಂತ್ರಗಳಿಗಾಗಿ ಎಂಬುದು ಮಾದೇವನ ಅಚಲವಾದ ನಂಬಿಕೆ. ಈ ನಂಬಿಕೆಯಲ್ಲಿ ಅವನಿಗೆ ಜೊತೆಗಾರರು ಯಾರೂ ಇರಲಿಲ್ಲ.

ಅವನ ಯಂತ್ರಗಳ ಚರಿತ್ರೆ ದೊಡ್ಡದು, ವಿಜಯಗಳ ಚರಿತ್ರೆ ಇನ್ನೂ ಶುರುವಾಗಬೇಕಿತ್ತು. ಮೊದಲು ಅವತರಿಸಿದ್ದು ಸೈಕಲ್ ತುಳಿದು ಅಡಿಕೆ ಸುಲಿಯುವ ಯಂತ್ರ. ಅದು ಅಡಿಕೆಯನ್ನು ಸುಲಿಯಲಿಲ್ಲ, ಹಾರಿಸಿತು. ಒಂದು ಅಡಿಕೆ ಪಕ್ಕದ ಮನೆಯ ವಿಶ್ವೇಶ್ವರ ಹೆಗಡೆಯವರ ಕಿಟಕಿಯ ಗಾಜು ಒಡೆದು, ಊಟಕ್ಕೆ ಕೂತಿದ್ದವರ ಸಾರಿನ ಪಾತ್ರೆಗೇ ಬಿತ್ತು. ಎರಡನೆಯದು ಮಂಗ ಓಡಿಸುವ ಸೈರನ್. ವಾನಳ್ಳಿಯ ಒಬ್ಬರು ನಂಬಿ ಒಯ್ದು ತೋಟದಲ್ಲಿ ಕಟ್ಟಿದರು. ಮೊದಲ ಕೆಲವು ದಿನ ಮಂಗಗಳು ಎದ್ದು ಬಿದ್ದು ಓಡಿದವು. ಆಮೇಲೆ, ಎಲ್ಲಿ ಈ ಸದ್ದು ಕೇಳುತ್ತದೋ ಅಲ್ಲಿ ಬಾಳೆಹಣ್ಣು ಇರುತ್ತದೆ ಎಂದು ಅವಕ್ಕೆ ಅರ್ಥವಾಯಿತು. ಸೈರನ್ ಕೂಗಿದೊಡನೆ ಆಚೆ ಗುಡ್ಡದ ಮಂಗಗಳೂ ಮದುವೆಮನೆಯ ಪಂಕ್ತಿಗೆ ಬಂದಂತೆ ಬರತೊಡಗಿದವು. ವಾನಳ್ಳಿಯವರು ಅದನ್ನು ಕಳಚಿ ತಂದು ಮಾದೇವನ ಅಂಗಳದಲ್ಲಿಟ್ಟು, ಕೊಟ್ಟ ನೀರನ್ನೂ ಕುಡಿಯದೆ ಹೋದರು. ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಇಷ್ಟಾದರೂ ಮಾದೇವ ಎದೆಗುಂದಲಿಲ್ಲ. ಎದೆಗುಂದಿದ್ದು ಅವನ ಹೆಂಡತಿ ಸುಬ್ಬಿ, ಅದೂ ಬಹಳ ಹಿಂದೆಯೇ.

ಸುಬ್ಬಿ ಯಲ್ಲಾಪುರ ತಾಲೂಕಿನವಳು. ಚಂದಗುಳಿಯ ಗಂಟೆ ಗಣಪತಿಯ ಗುಡಿಯಿಂದ ಗಾಳಿ ಬೀಸಿದರೆ ಗಂಟೆಯ ಸದ್ದು ಕೇಳಿಸುವಷ್ಟು ಹತ್ತಿರದ ಊರು. ತವರಿನಿಂದ ಅವಳು ತಂದ ವಿದ್ಯೆ ಒಂದೇ, ಸುಕೇಳಿ. ಮಾಗಿದ ಬಾಳೆಹಣ್ಣು ಸುಲಿದು, ದಿನಗಟ್ಟಲೆ ಬಿಸಿಲಲ್ಲಿ ಮಗುಚಿ ಮಗುಚಿ ಒಣಗಿಸಿ, ಕಂದು ಬಣ್ಣಕ್ಕೆ ತಿರುಗಿ ಜೇನಿನಂತೆ ಬೆರಳಿಗೆ ಅಂಟುವ ಹೊತ್ತಿಗೆ ಒಣ ಬಾಳೆಲೆಯಲ್ಲಿ ಸುತ್ತಿಡುವುದು. ಅವಳ ತವರಿನ ಬಾಳೆಗೊನೆ ಬಲಿಯುವುದು ಚಳಿಗಾಲಕ್ಕೆ. ಗೊನೆಗಳು ಬಸ್ಸಿನ ಬೆನ್ನೇರಿ ಇಸಳೂರಿಗೆ ಬಂದಿಳಿದವೆಂದರೆ ಸುಬ್ಬಿ ಮನುಷ್ಯರ ಜೊತೆ ಮಾತು ಕಡಿಮೆ ಮಾಡುತ್ತಿದ್ದಳು. ಅಮ್ಮ ಹೇಳಿಕೊಟ್ಟ ಒಂದೇ ಕೆಲಸ, ಅದನ್ನೂ ಬಿಟ್ಟರೆ ತಾನು ಯಾರೆಂದು ಅವಳಿಗೇ ಗೊತ್ತಿರಲಿಲ್ಲ.

ತೊಂದರೆ ಎಂದರೆ ಬಿಸಿಲು. ಮಾದೇವನ ಮನೆಯ ದಕ್ಷಿಣಕ್ಕೆ, ಕೈಚಾಚಿದರೆ ಗೋಡೆ ಸಿಗುವಷ್ಟು ಹತ್ತಿರದಲ್ಲಿ ಹೆಗಡೆಯವರ ಮನೆ. ಉತ್ತರಕ್ಕೆ ಒಂದು ಪಟ್ಟಿಯಷ್ಟು ಅಂಗಳ. ಚಳಿಗಾಲದಲ್ಲಿ ಆ ಅಂಗಳಕ್ಕೆ ಬಿಸಿಲು ಇಳಿಯುವುದಿಲ್ಲ, ಚಾವಣಿಗೇ ಹತ್ತಬೇಕು. ಹೆಗಡೆಯವರು ಮೇಲೊಂದು ಮಹಡಿ ಏರಿಸಿದ ಮೇಲೆ ಅದರ ನೆರಳು ಈ ಚಾವಣಿಯ ಮೇಲೂ ಬಿತ್ತು. ಉಳಿದದ್ದು ಉತ್ತರದ ಅಂಚಿನ ಒಂದು ಮೊಳ ಬಿಸಿಲು. ಸುಬ್ಬಿ ಆ ಅಂಚಿಗೇ ಚಾಪೆ ಹಾಸಿ, ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹಣ್ಣು ಮಗುಚುತ್ತಿದ್ದಳು. ಒಂದು ಚಳಿಗಾಲದಲ್ಲಿ ಇಳಿಯುವಾಗ ಏಣಿ ಜಾರಿತು. ಶಿರಸಿಯ ಆಸ್ಪತ್ರೆಯಲ್ಲಿ ಅವಳ ಕಾಲಿಗೆ ರಾಡ್ ಹಾಕಿದರು.

ಮಾದೇವನಿಗೆ ದುಃಖಕ್ಕಿಂತ ಅವಮಾನ ಹೆಚ್ಚಾಯಿತು. ಊರಿಗೆಲ್ಲ ರಾಡು ಕತ್ತರಿಸಿ ಕೊಡುವವನ ಹೆಂಡತಿಗೆ ಇನ್ಯಾರೋ ಬಂದು ರಾಡು ಹಾಕುವುದೆಂದರೇನು? ಆಸ್ಪತ್ರೆಯ ಮಂಚದ ಪಕ್ಕದಲ್ಲೇ ನಿಂತು, ಯಕ್ಷಗಾನದ ಚಂಡೆ ಒಂದಿಲ್ಲ ಎನ್ನುವಷ್ಟು ಆವೇಶದಲ್ಲಿ, ಅವನು ಪ್ರತಿಜ್ಞೆ ಮಾಡಿದ.

"ಸುಬ್ಬೀ, ಇನ್ನು ಜನ್ಮದಲ್ಲಿ ನೀನು ಏಣಿ ಮುಟ್ಟೂದಿಲ್ಲ."

"ಮೆಟ್ಲು ಮಾಡಿ ಕೊಡ್ತ್ರಾ?" ಎಂದಳು ಸುಬ್ಬಿ. ನೋವಿನಲ್ಲೂ ಅವಳ ದನಿಯಲ್ಲಿ ಒಂದು ಆಸೆ ಇಣುಕಿತ್ತು.

"ಮೇಲೆ ಹೋಗೂದೇ ಬೇಡ. ಬಿಸಿಲನ್ನೇ ಕೆಳಗೆ ತರ್ತೆ."

ಸುಬ್ಬಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಚಂದಗುಳಿ ಗಣಪತಿಗೂ ಅವನು ಅಲ್ಲಿಂದಲೇ ಹರಕೆ ಹೊತ್ತ: ಇವಳು ಇನ್ನು ಚಾವಣಿ ಹತ್ತದ ಹಾಗೆ ಆದರೆ ಒಂದು ಹಿತ್ತಾಳೆಯ ಗಂಟೆ.

ಬಿಸಿಲನ್ನು ಕೆಳಗೆ ತರುವ ಉಪಾಯ ಸಿಕ್ಕಿದ್ದು ಮೊಬೈಲಿನಲ್ಲಿ. ಬಿಳಿ ಗಡ್ಡದ ಒಬ್ಬ ಪರದೇಶಿ ತನ್ನ ಮನೆಯ ಹಿತ್ತಲಲ್ಲಿ ಗೋಡೆಗೆ ತಾಗಿಸಿ ಒಂದು ಪೆಟ್ಟಿಗೆ ಕಟ್ಟಿದ್ದ. ಒಳಗೆ ಕರಿ ಬಣ್ಣ, ಮೇಲೆ ಇಳಿಜಾರಾದ ಗಾಜು, ಕೆಳಗಿಂದ ಗಾಳಿ ನುಗ್ಗಿ ಮೇಲಿಂದ ಹೊರಡುವ ಕಿಂಡಿ. ಅದರಲ್ಲಿ ಅವನು ಹಣ್ಣು ಒಣಗಿಸಿ ತಿಂದು ತೋರಿಸುತ್ತಿದ್ದ. ಮಾದೇವನಿಗೆ ಅವನ ಇಂಗ್ಲಿಷು ಅರ್ಥವಾಗಲಿಲ್ಲ, ಕಬ್ಬಿಣ ಅರ್ಥವಾಯಿತು. ಆ ಗಡ್ಡದವನ ಎಲ್ಲ ವಿಡಿಯೋಗಳನ್ನೂ ಅವನು ಭಕ್ತಿಯಿಂದ ನೋಡಿದ. ಒಂದರಲ್ಲಿ ಅವನು ಕ್ರಿಸ್‌ಮಸ್ಸಿನ ದಿನ ಚಡ್ಡಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ಇನ್ನೊಂದರಲ್ಲಿ ಜುಲೈ ತಿಂಗಳು ಎಂದು ಬರೆದಿತ್ತು, ಮೈಮೇಲೆ ಎರಡು ಸ್ವೆಟರು. ದೊಡ್ಡ ಮನುಷ್ಯರ ಉಡುಗೆ ತೊಡುಗೆಯ ಬಗ್ಗೆ ಪ್ರಶ್ನೆ ಕೇಳುವುದು ಮಾದೇವನ ಸಂಸ್ಕಾರವಾಗಿರಲಿಲ್ಲ.

ಅರ್ಥ ಹೇಳಿಸಿಕೊಳ್ಳಲು ಅವನು ಮೊಬೈಲು ಹಿಡಿದು ಹೆಗಡೆಯವರ ಜಗುಲಿ ಹತ್ತಿದ. ಹೆಗಡೆಯವರು ಸೊಸೈಟಿಯ ನೌಕರಿಯಿಂದ ನಿವೃತ್ತರಾದವರು, ಇಂಗ್ಲಿಷು ಬಲ್ಲವರು, ಅದಕ್ಕಿಂತ ಹೆಚ್ಚಾಗಿ ವಾಸ್ತು ಬಲ್ಲವರು. ಎಲೆಯಡಿಕೆಯ ಕವಳ ಜಗಿಯುತ್ತ ಪೂರ್ತಿ ಕೇಳಿ, ಗಡ್ಡದವ ಆಸ್ಟ್ರೇಲಿಯಾದವ ಎಂದು ತಿಳಿಸಿ, ಅವರು ಮುಖ ಅರಳಿಸಿದರು.

"ಗಾಜಿನ ಮುಖ ಉತ್ತರಕ್ಕೇ ಇರಕ್ಕು ಅಂತಾನೆ ನೋಡು. ಬೇರೆ ದಿಕ್ಕಿಗೆ ಇಟ್ರೆ ಕೆಲಸ ಮಾಡೂದೇ ಇಲ್ಲ ಅಂತಾನೆ. ಉತ್ತರ ಅಂದ್ರೆ ಕುಬೇರನ ದಿಕ್ಕು. ನಮ್ಮ ಶಾಸ್ತ್ರ ಈಗ ಆಸ್ಟ್ರೇಲಿಯಾದವ್ರಿಗೂ ಗೊತ್ತಾಯ್ದು ಅಂತಾಯ್ತು."

ಆಸ್ಟ್ರೇಲಿಯಾದ ಬಿಸಿಲೂ ನಮ್ಮ ಬಿಸಿಲೂ ಒಂದೇ ಇರುತ್ತದೆಯೇ ಎಂದು ಮಾದೇವ ಒಮ್ಮೆ ಕೇಳಿದ್ದು ನಿಜ. ಅಷ್ಟನ್ನಾದರೂ ಅವನ ಪರವಾಗಿ ಹೇಳಬೇಕು.

"ಬಿಸಿಲು ಎಲ್ಲಿದ್ರೂ ಬಿಸಿಲೇ ಮಾರಾಯ," ಎಂದರು ಹೆಗಡೆಯವರು. "ಸೂರ್ಯ ಎಂತ ದೇಶಕ್ಕೊಬ್ಬ ಇದ್ನಾ?"

ವಿಜ್ಞಾನ ಮತ್ತು ವಾಸ್ತು ಹೀಗೆ ಒಂದೇ ಜಗುಲಿಯಲ್ಲಿ ಕೈಕುಲುಕಿದ ಮೇಲೆ ಮಾದೇವನನ್ನು ತಡೆಯುವವರು ಯಾರು? ಅವನ ಬಳಿ ಇದ್ದ ಖಾಲಿ ಜಾಗವೂ ಉತ್ತರಕ್ಕೇ ಇತ್ತು. ವಿಧಿಯೇ ಅಂಗಳ ಬಿಟ್ಟಿಟ್ಟಂತೆ ಅವನಿಗೆ ತೋರಿತು. ಕಲ್ಲಿನ ಪೀಠ ಕಟ್ಟಿ, ಸಿಮೆಂಟಿನಲ್ಲಿ ಕಬ್ಬಿಣದ ಕಾಲು ಹೂತು, ಮನೆಯ ಉತ್ತರದ ಗೋಡೆಗೆ ಬೆನ್ನು ಕೊಟ್ಟು, ಪಕ್ಕದಲ್ಲಿ ಒಂದು ಸಂದಿನಷ್ಟು ಮಾತ್ರ ಬಿಟ್ಟು, ಗೋಡೆಯುದ್ದದ ಪೆಟ್ಟಿಗೆ ನಿಲ್ಲಿಸಿದ. ಇನ್ನು ಭೂಕಂಪವಾದರೂ ಅದು ಅಲುಗುವುದಿಲ್ಲ ಎಂದು ಬೀಗಿದ. ಆ ಮಾತು ಮಾತ್ರ ಅಕ್ಷರಶಃ ನಿಜವಾಯಿತು.

ಉದ್ಘಾಟನೆ ಮೇ ತಿಂಗಳಲ್ಲಿ. ಬಾಳೆಗೊನೆಯ ಕಾಲ ಅಲ್ಲ, ಹಲಸಿನ ಹಪ್ಪಳದ ಕಾಲ. ಓಣಿಯ ತುದಿಯ ದೇವಕಿ ಪರೀಕ್ಷೆಗೆಂದು ಒಂದು ಹೊರೆ ಹಪ್ಪಳ ತಂದು ಪೆಟ್ಟಿಗೆಯಲ್ಲಿ ಹರಡಿದಳು. ಗಾಜಿನ ಮೇಲೆ ಬಿಸಿಲು ಬೆಳಗಿನಿಂದಲೇ ಧಗಧಗ ಉರಿಯಿತು. ಮಧ್ಯಾಹ್ನದ ಊಟ ಮುಗಿಸಿ ಜನ ಬಂದು ನೋಡಿದರೆ ಹಪ್ಪಳ ಮುರಿದರೆ ಕಟ್ ಎನ್ನುವಷ್ಟು ಒಣಗಿವೆ! ಕಾಗೆ ಮುಟ್ಟಿಲ್ಲ, ಧೂಳು ಬಿದ್ದಿಲ್ಲ. ಓಣಿಯ ಹೆಂಗಸರೆಲ್ಲ ಸರದಿ ಹಚ್ಚಿದರು. ಹೆಗಡೆಯವರು ತಮ್ಮ ಕಿಟಕಿಯ ಗಾಜನ್ನು ಕ್ಷಮಿಸಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಮಾದೇವನ ಯಂತ್ರವೊಂದು, ಯಾವುದಕ್ಕೆ ಮಾಡಿದ್ದೋ ಅದನ್ನೇ ಕೈಕೊಡದೆ ಮಾಡುತ್ತಿತ್ತು. ಅವನು ಅಂಗಳದ ಮೂಲೆಯಲ್ಲಿ ನಿಂತು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಕಣ್ಣು ಒರೆಸಿಕೊಂಡ. ಸುಬ್ಬಿ ನೋಡಿದಳು.

ಇಲ್ಲೇ ಅವನು ದೊಡ್ಡ ತಪ್ಪು ಮಾಡಿದ್ದು. ಚಂದಗುಳಿಯಲ್ಲಿ ಗಂಟೆ ಕಟ್ಟುವುದು ಬಯಸಿದ್ದು ಕೈಗೂಡಿದ ಮೇಲೆ. ಸುಬ್ಬಿ ಅದನ್ನು ನೆನಪಿಸಿದಳು. ಸುಕೇಳಿ ಒಣಗಲಿ, ಒಂದು ಚಳಿಗಾಲ ಕಳೆಯಲಿ ಎಂದಳು. ಗೆದ್ದ ಸೇನಾಪತಿಗೆ ಕಾಯುವ ತಾಳ್ಮೆ ಎಲ್ಲಿಯದು? ಮಳೆ ಹಿಡಿಯುವ ಮೊದಲೇ ಬೈಕಿನ ಹಿಂದೆ ಅವಳನ್ನು ಕೂರಿಸಿಕೊಂಡು ಹೋಗಿ, ಇದ್ದುದರಲ್ಲೇ ದೊಡ್ಡ ಗಂಟೆ ಆರಿಸಿ, ಸಾವಿರ ಗಂಟೆಗಳ ನಡುವೆ ಎದ್ದು ಕಾಣುವ ಹಾಗೆ ಕಟ್ಟಿ, ಮೂರು ಸಲ ಬಾರಿಸಿ ಬಂದ. ಬರುವಾಗ ದಾರಿಯಲ್ಲಿ, ಹೇಗೂ ಇನ್ನು ಬೇಡವೆಂದು, ಹೊಸ ಏಣಿಯ ಬಿದಿರು ಕೊಡುತ್ತೇನೆಂದ ಭಾವಮೈದುನನಿಗೂ ಬೇಡವೆಂದ.

ಮಳೆಗಾಲ ಬಂತು, ಹೋಯಿತು. ದೀಪಾವಳಿ ಕಳೆಯಿತು, ತುಳಸಿ ಹಬ್ಬವೂ ಮುಗಿಯಿತು. ಗೊನೆಗಳು ಬಸ್ಸಿನಿಂದ ಇಳಿದವು. ಸುಬ್ಬಿ ಕುಂಟುತ್ತ ಅಂಗಳಕ್ಕೆ ಬಂದು, ಹಣ್ಣು ಸುಲಿದು, ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿ, ಗಾಜು ಮುಚ್ಚಿದಳು. ಆಕಾಶ ತೊಳೆದಿಟ್ಟ ಬಟ್ಟಲಿನಂತೆ ಶುಭ್ರವಾಗಿತ್ತು. ಒಂದು ಮೋಡವಿಲ್ಲ. ಪೆಟ್ಟಿಗೆಯ ಮೇಲೆ ಒಂದು ಚೂರು ಬಿಸಿಲೂ ಇಲ್ಲ.

ಬೆಳಿಗ್ಗೆ ಬರಬಹುದು ಎಂದು ಮಾದೇವ ಕಾದ. ಮಧ್ಯಾಹ್ನ ಬರಬಹುದು ಎಂದು ಕಾದ. ಬಿಸಿಲು ಬಂತು, ಹೆಗಡೆಯವರ ಮಹಡಿಗೆ ಬಂತು, ರಸ್ತೆಗೆ ಬಂತು, ತನ್ನ ಚಾವಣಿಯ ಅಂಚಿಗೂ ಬಂತು. ಮನೆಯ ಉತ್ತರದ ಗೋಡೆಗೆ ಮಾತ್ರ ಬರಲಿಲ್ಲ. ಕೆಲವೇ ದಿನದಲ್ಲಿ ಹಣ್ಣಿನ ಮೇಲೆ ಬೂಸು ಬೆಳೆಯಿತು, ಆಮೇಲೆ ಹುಳಿ ವಾಸನೆ ಎದ್ದಿತು. ಎರಡನೆಯ ಗೊನೆಯೂ ಹಾಗೇ ಆಯಿತು. ಹೆಗಡೆಯವರ ಎಮ್ಮೆಗೆ ಅದು ಸುಭಿಕ್ಷದ ವರ್ಷ.

ವಿಷಯ ಏನೆಂದು ತಿಳಿಸಿದ್ದು ಕಾವ್ಯಶ್ರೀ. ಸುಬ್ಬಿಯ ತಂಗಿಯ ಮಗಳು, ಸಿದ್ದಾಪುರದ ಕಡೆ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾಳೆ, ಪ್ರತಿ ಚಳಿಗಾಲದಲ್ಲೂ ಸುಕೇಳಿಗೆ ಬರುತ್ತಾಳೆ. ಪೆಟ್ಟಿಗೆಯನ್ನೂ ವಿಡಿಯೋವನ್ನೂ ನೋಡಿ ಅವಳು ತಲೆಯೆತ್ತಿ ಸೂರ್ಯ ಎಲ್ಲಿದ್ದಾನೆಂದು ನೋಡಿದಳು. ಆಮೇಲೆ, ಸೂರ್ಯ ಚಳಿಗಾಲದಲ್ಲಿ ದೂರ ಹೋಗುತ್ತಾನೇನೋ ಎಂದ ದೊಡ್ಡಪ್ಪನಿಗೆ, ಹಾಗಲ್ಲ, ಭೂಮಿ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರ ಇರುವುದೇ ಜನವರಿಯಲ್ಲಿ ಎಂದಳು. ಮಾದೇವ ನಂಬಲಿಲ್ಲ. ಅವಳು ಅಂಗಳದ ಚಕ್ಕೋತ ಹಣ್ಣು ಕಿತ್ತು, ಅವನದೇ ಒಂದು ಕಬ್ಬಿಣದ ಸರಳು ಅದರ ನಡುವೆ ಚುಚ್ಚಿ, ಬಚ್ಚಲ ಹೊರಗೆ ಉರಿಯುತ್ತಿದ್ದ ನೀರೊಲೆಯ ಎದುರು ನಿಂತಳು.

ಒಲೆ ಸೂರ್ಯ, ಚಕ್ಕೋತ ಭೂಮಿ. ಸರಳು ನೆಟ್ಟಗಿಲ್ಲ, ಸ್ವಲ್ಪ ವಾಲಿದೆ. ಭೂಮಿ ಸೂರ್ಯನ ಸುತ್ತ ಎಲ್ಲಿಗೇ ಹೋಗಲಿ, ಸರಳಿನ ತುದಿ ಮಾತ್ರ ಒಂದೇ ಕಡೆಗೆ, ಉದಾಹರಣೆಗೆ ಆ ತೆಂಗಿನ ಮರದ ಕಡೆಗೇ ವಾಲಿರುತ್ತದೆ. ಅವಳು ಹಾಗೇ ಹಿಡಿದು ಒಲೆಯ ಈ ಬದಿಗೆ ನಿಂತಳು: ಹಣ್ಣಿನ ಮೇಲಿನ ಅರ್ಧ ಬೆಂಕಿಯ ಕಡೆ ಬಾಗಿತ್ತು. ಇದು ನಮ್ಮ ಬೇಸಿಗೆ. ಆಗ ಕೆಳಗಿನ ಅರ್ಧಕ್ಕೆ ಬೆಂಕಿ ಓರೆಯಾಗಿ, ಕಡಿಮೆ ಹೊತ್ತು ತಾಗುತ್ತದೆ, ಅಲ್ಲಿ ಸ್ವೆಟರಿನ ಕಾಲ. ಸುತ್ತು ಹೊಡೆದು ಆ ಬದಿಗೆ ಹೋದಳು: ಈಗ ಕೆಳಗಿನ ಅರ್ಧ ಬೆಂಕಿಗೆ ಮುಖ ಕೊಟ್ಟಿತು, ಮೇಲಿನದು ಹಿಂದೆ ಸರಿಯಿತು. ಇದು ನಮ್ಮ ಚಳಿಗಾಲ, ಗಡ್ಡದವನ ಚಡ್ಡಿಯ ಕಾಲ.

"ಅವ್ನಿಗೆ ವರ್ಷವಿಡೀ ಮಧ್ಯಾಹ್ನದ ಸೂರ್ಯ ಉತ್ತರದಲ್ಲೇ ದೊಡ್ಡಪ್ಪ, ಅಷ್ಟು ಕೆಳಗೆ ಇದ್ದಾನೆ ಅವ. ನಮ್ಗೆ ಉತ್ತರಕ್ಕೆ ಬರೂದು ಮೇ ತಿಂಗಳಿಂದ ಆಗಸ್ಟಿನವರೆಗೆ ಮಾತ್ರ, ಅದ್ರಲ್ಲೂ ಮೇ ಬಿಟ್ರೆ ಉಳಿದದ್ದು ಮಳೆ. ಹಪ್ಪಳ ಒಣಗಿದ್ದು ಅದಕ್ಕೇ. ಈಗ ಸೂರ್ಯ ದಕ್ಷಿಣಕ್ಕೆ ಹೋಗಿದ್ದಾನೆ. ನೀವು ಅವ್ನಿಗೆ ಬೆನ್ನು ಹಾಕಿ ಕೂತಿದ್ದೀರಿ."

ಬಚ್ಚಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಸುಬ್ಬಿ ನಿಧಾನಕ್ಕೆ ಹೇಳಿದಳು, "ಅಂದ್ರೆ ಭೂಮಿಯೇ ವಾರೆ. ಇಷ್ಟು ದಿನ ಇವ್ರೊಬ್ರೇ ಅಂದ್ಕೊಂಡಿದ್ದೆ."

ಮಾದೇವ ಹೆಗಡೆಯವರ ಮಹಡಿಯ ಕಡೆ ನೋಡುತ್ತಿದ್ದ. ಅಲ್ಲಿ, ಚಾವಣಿಯ ತುಂಬ, ಕರೆಂಟಿನ ಸೋಲಾರ್ ಹಲಗೆಗಳು ಸಾಲಾಗಿ ನಿಂತಿದ್ದವು. ಎಲ್ಲವೂ ದಕ್ಷಿಣಕ್ಕೆ ವಾಲಿದ್ದವು. ಅವುಗಳ ಸ್ಟ್ಯಾಂಡು ವೆಲ್ಡ್ ಮಾಡಿದವನು ಅವನೇ. ಕಂಪನಿಯಿಂದ ಬಂದ ಹುಡುಗ ಇಷ್ಟು ಓರೆ, ಈ ದಿಕ್ಕು ಎಂದು ತೋರಿಸಿದಂತೆ, ಒಂದು ನೂಲು ಆಚೀಚೆ ಆಗದ ಹಾಗೆ ಮಾಡಿಕೊಟ್ಟಿದ್ದ. ಯಾಕೆ ಎಂದು ಕೇಳಿರಲಿಲ್ಲ. ಕೇಳದ್ದು ಅವನೊಬ್ಬನೇ ಅಲ್ಲ. ಹೆಗಡೆಯವರು ದಿನಾ ಬೆಳಿಗ್ಗೆ ಪೂಜೆಯ ಸಂಕಲ್ಪದಲ್ಲಿ ಅರ್ಧ ವರ್ಷ ಉತ್ತರಾಯಣ, ಅರ್ಧ ವರ್ಷ ದಕ್ಷಿಣಾಯನ ಎಂದು ತಪ್ಪದೆ ಹೇಳಿಕೊಂಡು ಬಂದವರು. ಹೇಳುವಾಗ ಒಮ್ಮೆಯೂ ಕಿಟಕಿಯಿಂದ ಹೊರಗೆ ಇಣುಕಿದವರಲ್ಲ.

ಪೆಟ್ಟಿಗೆಯನ್ನು ತಿರುಗಿಸೋಣವೇ? ತಿರುಗಿಸಿದರೆ ಗಾಜಿಗೆ ಕಾಣುವುದು ಸ್ವಂತ ಮನೆಯ ಗೋಡೆ. ಚಾವಣಿಗೆ ಏರಿಸೋಣವೇ? ಭೂಕಂಪಕ್ಕೆ ಹೆದರದ ಪೆಟ್ಟಿಗೆ ಮಾದೇವನಿಗೆ ಹೆದರೀತೇ, ಅಲ್ಲದೆ ಏರಿಸಿದರೂ ಸುಬ್ಬಿ ಹತ್ತಲೇಬೇಕು. ಹೆಗಡೆಯವರ ಚಾವಣಿ ಕೇಳೋಣವೇ? ಅಲ್ಲಿ ಹಲಗೆಗಳ ನಡುವೆ ಬೆಕ್ಕು ಮಲಗಲೂ ಜಾಗವಿಲ್ಲ. ಉಳಿದದ್ದು ಒಂದೇ ದಾರಿ, ಸುಬ್ಬಿ ಮೊದಲಿನಿಂದ ಕೇಳುತ್ತ ಬಂದ ಮೆಟ್ಟಿಲು. ಅದಕ್ಕೆ ಇದ್ದ ಒಂದೇ ಜಾಗದಲ್ಲಿ ಈಗ ಪೆಟ್ಟಿಗೆ ಕೂತಿತ್ತು. ಅದನ್ನು ಕತ್ತರಿಸಿದರೆ ಅದೇ ಕಬ್ಬಿಣದಲ್ಲಿ ಮೆಟ್ಟಿಲಾಗುತ್ತಿತ್ತು.

ಮರುದಿನ ಮಾದೇವ ಕಟರ್ ಯಂತ್ರ ತಂದ. ವೈರು ಚುಚ್ಚಿದ. ಪೆಟ್ಟಿಗೆಯ ಕಾಲಿಗೆ ತಾಗಿಸಿದ, ಕಿಡಿ ಹಾರಿತು, ಕೈ ತಾನಾಗಿ ಹಿಂದೆ ಬಂತು. ಮತ್ತೆ ತಾಗಿಸಿದ, ಮತ್ತೆ ಹಿಂದೆ ಬಂತು. ಅವನ ಯಂತ್ರಗಳ ಪೈಕಿ ಒಂದು ಬೇಸಿಗೆಯಾದರೂ ಕೈಕೊಡದೆ ಕೆಲಸ ಮಾಡಿದ್ದು ಇದೊಂದೇ. ಸುಬ್ಬಿ ಗೋಡೆಗೆ ಒರಗಿ ನೋಡುತ್ತಿದ್ದಳು. ಇನ್ನೊಮ್ಮೆ ಅವನು ಗುಂಡಿ ಒತ್ತುವ ಮೊದಲು ಅವಳೇ ಹೋಗಿ ಸ್ವಿಚ್ಚು ಆರಿಸಿದಳು.

"ಇರ್ಲಿ ಬಿಡಿ," ಎಂದಳು. "ಹಪ್ಪಳಕ್ಕಾದ್ರೂ ಆಗ್ತದೆ."

"ನೀ ಹತ್ತಬೇಡ ಮತ್ತೆ. ಈ ವರ್ಷ ಸುಕೇಳಿ ಬಿಡು."

"ಬಿಟ್ಟು ಎಂತ ಮಾಡೂದು? ನಿಮ್ಮ ಯಂತ್ರ ನೋಡ್ತಾ ಕೂತ್ಕಳದಾ?"

ಗಣಪತಿಯಾದರೂ ಕಾಪಾಡಲಿ ಎಂದು ಮಾದೇವ ಗೊಣಗಿದ. ಸುಬ್ಬಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ ಹೇಳಿದಳು, "ಗಂಟೆ ಕಟ್ಟಿ ಬಂದವ್ರು ನೀವು. ಅವ್ನ ಪಾಲಿಗೆ ನಾನು ಏಣಿ ಹತ್ತೂದು ಬಿಟ್ಟು ಆರು ತಿಂಗ್ಳಾತು."

ಹೀಗೆ ಅವಳು ಮತ್ತೆ ಹತ್ತಿದಳು. ಒಂದೇ ವ್ಯತ್ಯಾಸವಿತ್ತು. ಮೊದಲು ಏಣಿಯ ಬುಡ ಗೋಡೆಯಿಂದ ದೂರದಲ್ಲಿ, ಸಾಕಷ್ಟು ಓರೆಯಾಗಿ ಊರುತ್ತಿತ್ತು. ಈಗ ಆ ಜಾಗ ಪೆಟ್ಟಿಗೆಯದು. ಏಣಿಯನ್ನು ಪೆಟ್ಟಿಗೆಯ ಪಕ್ಕದ ಸಂದಿನಲ್ಲಿ, ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಬೇಕು. ಭೂಮಿಯ ಸರಳು ವಾಲಿದ್ದಕ್ಕೆ ಇಷ್ಟೆಲ್ಲ ಆಯಿತು, ಏಣಿ ವಾಲದ್ದಕ್ಕೆ ಇನ್ನೇನು ಆಗಬೇಕೋ. ಜಾರಿದರೆ ಮೊದಲು ನೆಲ ಇತ್ತು, ಈಗ ಗಾಜು. ಅದಕ್ಕಾಗಿ ಮಾದೇವ ವೆಲ್ಡಿಂಗ್ ಶೆಡ್ಡಿನ ಬಾಗಿಲು ಎಳೆದು, ಅವಳು ಮೇಲಿರುವಷ್ಟು ಹೊತ್ತೂ ಕೆಳಗೆ ಏಣಿ ಹಿಡಿದು ನಿಲ್ಲತೊಡಗಿದ. ಮೇಲೆ ಅವಳು ಬಿಸಿಲಲ್ಲಿ, ಹಣ್ಣು ಮಗುಚುತ್ತ. ಕೆಳಗೆ ಅವನು ನೆರಳಲ್ಲಿ, ಮಫ್ಲರು ಸುತ್ತಿಕೊಂಡು, ಗಡಗಡ ನಡುಗುತ್ತ. ಒಂದೇ ಮನೆಯಲ್ಲಿ ಎರಡು ಋತು.

ಸಂಕ್ರಾಂತಿಯ ದಿನ ಹೆಗಡೆಯವರು ಸಕ್ಕರೆ ಪಾಕದ ಸಂಕ್ರಾಂತಿ ಕಾಳು ಹಿಡಿದು ಗೇಟಿನಲ್ಲಿ ಕಾಣಿಸಿಕೊಂಡರು. ಮಾದೇವನಿಗೆ ಕೈ ಚಾಚಲು ಆಗಲಿಲ್ಲ, ಏಣಿ ಹಿಡಿದಿದ್ದ. ಅವರೇ ಅವನ ಅಂಗಿಯ ಜೇಬಿಗೆ ಹಾಕಿದರು.

"ಇವತ್ತಿಂದ ಉತ್ತರಾಯಣ ಮಾದೇವಾ. ಸೂರ್ಯ ನಿನ್ನ ಪೆಟ್ಟಿಗೆ ಕಡೆ ಹೊರಟ ನೋಡು."

"ಅವ ಹೊರಟು ಮೂರು ವಾರ ಆತು ಹೆಗಡೇರೇ," ಎಂದ ಮಾದೇವ. ಕಾವ್ಯಶ್ರೀಯಿಂದ ಅವನು ಈಗ ಎಲ್ಲವನ್ನೂ ಕಲಿತಿದ್ದ. ಕ್ರಿಸ್‌ಮಸ್ಸಿಗೆ ಮೊದಲೇ ಸೂರ್ಯ ಉತ್ತರಕ್ಕೆ ತಿರುಗಿದ್ದೂ, ಅವನ ನಡಿಗೆ ಎಷ್ಟು ನಿಧಾನವೆಂಬುದೂ ಗೊತ್ತಿತ್ತು. "ಇಲ್ಲಿಗೆ ಬಂದು ಮುಟ್ಟೂದ್ರೊಳಗೆ ಗೊನೆ ಮುಗೀತದೆ. ಆಮೇಲೆ ಮಳೆ."

ಹೆಗಡೆಯವರು ಕವಳವನ್ನು ಇನ್ನೊಂದು ದವಡೆಗೆ ಸರಿಸಿ ಹೊರಟುಹೋದರು.

ಮೇಲೆ ಚಾಪೆ ಮಡಚುವ ಸದ್ದಾಯಿತು. ಅಂಚಿನ ಬಿಸಿಲು ಮುಗಿದಿರಬೇಕು. ಏಣಿ ಒಮ್ಮೆ ಕಿರುಗುಟ್ಟಿ ಅಲುಗಿತು. ಮಾದೇವ ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು, ಬೆನ್ನನ್ನು ಗಾಜಿಗೆ ಅಡ್ಡ ಕೊಟ್ಟು, ಮೇಲೆ ನೋಡಿದ. ರಾಡು ಹಾಕಿದ ಕಾಲು ಮೊದಲು ಕೆಳಗಿಳಿಯಿತು. ಏಣಿಯ ಮೆಟ್ಟು ಎಲ್ಲಿದೆ ಎಂದು ಗಾಳಿಯಲ್ಲಿ ತಡಕಾಡಿತು.